‘ಅರ್ಹ’ ಧಾತುವಿನ ಮೂಲವೂ ‘ಅರಹಂತ’ ಶಬ್ದದ ಪಾಠವಿಚಾರವೂ

1. ಪ್ರಶ್ನೆಯ ಸ್ವರೂಪ

ಪಂಚನಮಸ್ಕಾರದ ಆದಿಯಲ್ಲಿ ಬರುವ ಪರಮೇಷ್ಠಿವಾಚಕ ಶಬ್ದವು ಪ್ರಾಕೃತ ಹಸ್ತಪ್ರತಿಗಳಲ್ಲಿ ‘ಅರಹಂತ’, ‘ಅರಿಹಂತ’, ‘ಅರುಹಂತ’ ಎಂದು ಮೂರು ಬಗೆಯಾಗಿ ದೊರೆಯುತ್ತದೆಂಬುದು ವಿದ್ವಾಂಸರಿಗೆ ತಿಳಿದ ಸಂಗತಿಯೇ ಆಗಿದೆ. ಗ್ರಂಥಸಂಪಾದನೆಯಲ್ಲಿ ತೊಡಗಿದವರು ಈ ಮೂರರಲ್ಲಿ ಯಾವುದನ್ನು ಮೂಲಪಾಠವಾಗಿ ಸ್ವೀಕರಿಸಬೇಕು, ಯಾವುದನ್ನು ಪಾಠಾಂತರವೆಂದು ಅಡಿಟಿಪ್ಪಣಿಗೆ ಇಳಿಸಬೇಕು ಎಂಬ ಪ್ರಶ್ನೆಯನ್ನು ಒಂದಲ್ಲ ಒಂದು ಸಂದರ್ಭದಲ್ಲಿ ಎದುರಿಸಲೇಬೇಕಾಗುತ್ತದೆ. ಈ ಪ್ರಶ್ನೆಗೆ ಬಹುಮಟ್ಟಿಗೆ ಅರ್ಥದ ಆಧಾರದಿಂದಲೇ ಉತ್ತರ ಹೇಳುವುದುಂಟು. ಕರ್ಮರೂಪವಾದ ಅರಿಗಳನ್ನು ಹನನ ಮಾಡಿದವನು ಎಂಬ ವಿವರಣೆಯನ್ನು ಪ್ರಧಾನವೆಂದು ಎಣಿಸುವವರು ‘ಅರಿಹಂತ’ವೇ ಶುದ್ಧವೆನ್ನುತ್ತಾರೆ, ಪೂಜೆಗೆ ಅರ್ಹನಾದವನು ಎಂಬ ಅರ್ಥವನ್ನು ಪ್ರಧಾನವೆಂದು ಎಣಿಸುವವರು ‘ಅರಹಂತ’ವನ್ನು ಎತ್ತಿಹಿಡಿಯುತ್ತಾರೆ. ಪುನರ್ಜನ್ಮವಿಲ್ಲದವನು ಎಂಬರ್ಥವನ್ನು ಬಯಸುವವರಿಗೆ ‘ಅರುಹಂತ’ವು ಅನುಕೂಲವಾಗಿ ಒದಗುತ್ತದೆ.

ಈ ಕ್ರಮದಲ್ಲಿ ಒಂದು ದೋಷವಿದೆ. ಅರ್ಥವನ್ನು ಮೊದಲೇ ನಿಶ್ಚಯಿಸಿಕೊಂಡು ಆ ಬಳಿಕ ಪಾಠವನ್ನು ಆರಿಸಿದಲ್ಲಿ, ಪಾಠವು ಅರ್ಥಕ್ಕೆ ಸಾಕ್ಷಿಯಾಗುವುದಿಲ್ಲ. ಆದುದರಿಂದ ಶಬ್ದದ ಮೂಲಧಾತುವಿನ ಇತಿಹಾಸವನ್ನು, ಅದರ ಧ್ವನಿಪರಿಣಾಮವನ್ನು, ವಿಭಕ್ತಿರೂಪಗಳನ್ನು ಮೊದಲು ಪ್ರತ್ಯೇಕವಾಗಿ ಪರಿಶೀಲಿಸಿ, ಅನಂತರ ಹಸ್ತಪ್ರತಿಗಳ ಕಡೆಗೆ ಬರುವುದು ಯುಕ್ತ. ಪ್ರಕೃತ ಲೇಖನದಲ್ಲಿ ಈ ಕ್ರಮವನ್ನು ಅನುಸರಿಸಲಾಗಿದೆ. ವಿಷಯವು ಕೇವಲ ಒಂದು ಸ್ವರಕ್ಕೆ ಸಂಬಂಧಿಸಿದಂತೆ ಕಂಡರೂ, ಅಹಿಂಸೆಯನ್ನು ಮೊದಲ ವ್ರತವಾಗಿ ಉಳ್ಳ ಧರ್ಮದ ಪರಮಪೂಜ್ಯ ನಾಮದಲ್ಲಿ ‘ಹನ್’ ಧಾತುವು ನಿಜಕ್ಕೂ ಅಡಗಿದೆಯೇ ಎಂಬುದೇ ಅದರ ತಿರುಳು.

2. ಭಾರತ-ಇರಾನೀ ಮೂಲರೂಪ

ವೈದಿಕ ಸಂಸ್ಕೃತವೂ ಅವೆಸ್ತಾ ಗ್ರಂಥಗಳ ಭಾಷೆಯೂ ಒಂದೇ ತಾಯಿಯ ಮಕ್ಕಳು. ಬರೆಹದಲ್ಲಿ ಉಳಿಯದ ಆ ತಾಯಿನುಡಿಯನ್ನು ಭಾಷಾವಿಜ್ಞಾನಿಗಳು ಭಾರತ-ಇರಾನೀ ಮೂಲಭಾಷೆಯೆಂದು ಕರೆದು, ಎರಡು ಶಾಖೆಗಳ ರೂಪಗಳನ್ನು ಹೋಲಿಸಿ ಅದರ ಶಬ್ದಗಳನ್ನು ಪುನಾರಚಿಸುತ್ತಾರೆ. ಹೀಗೆ ಊಹಿಸಿದ ರೂಪಗಳಿಗೆ ನಕ್ಷತ್ರಚಿಹ್ನೆಯನ್ನು ಇಡುವುದು ವಾಡಿಕೆ.

ಸಂಸ್ಕೃತದ ‘ಅರ್ಹತಿ’ ಎಂಬ ಕ್ರಿಯಾಪದಕ್ಕೆ ಅವೆಸ್ತಾದಲ್ಲಿ ‘ಅರೆಜಇತಿ’ ಎಂಬುದು ಸಮಾನವಾದ ರೂಪ. ಇಲ್ಲಿ ಸಂಸ್ಕೃತದ ಹಕಾರಕ್ಕೆ ಪ್ರತಿಯಾಗಿ ಅವೆಸ್ತಾದಲ್ಲಿ ಜಕಾರವಿರುವುದು ಗಮನಾರ್ಹ. ಸಂಸ್ಕೃತದ ಹಕಾರವು ಒಂದೇ ಮೂಲದಿಂದ ಬಂದುದಲ್ಲ. ‘ಅಹಮ್’, ‘ಹಸ್ತ’, ‘ವಹತಿ’ ಎಂಬಲ್ಲಿನ ಹಕಾರಕ್ಕೆ ಅವೆಸ್ತಾದಲ್ಲಿ ‘ಅಜ಼ೆಮ್’, ‘ಜ಼ಸ್ತ’, ‘ವಜ಼ಇತಿ’ ಎಂದು ಊಷ್ಮಧ್ವನಿಯಾದ ಜ಼ಕಾರವು ಕಾಣುತ್ತದೆ. ‘ಹಂತಿ’ ಎಂಬಲ್ಲಿನ ಹಕಾರಕ್ಕಾದರೋ ‘ಜಇಂತಿ’ ಎಂದು ಸ್ಪರ್ಶವಾದ ಜಕಾರವಿದೆ. ‘ಹಿತ’ ಮೊದಲಾದ ಕಡೆಗಳಲ್ಲಿ ಅದು ಧಕಾರದ ಶೈಥಿಲ್ಯದಿಂದ ಹುಟ್ಟಿದುದು. ‘ಅರ್ಹತಿ’ಯ ಹಕಾರವು ಇವುಗಳಲ್ಲಿ ಎರಡನೆಯ ವರ್ಗಕ್ಕೆ ಸೇರಿದುದೆಂಬುದನ್ನು ಅವೆಸ್ತಾ ರೂಪವೇ ತೋರಿಸಿಕೊಡುತ್ತದೆ.

ಈ ಎರಡನೆಯ ವರ್ಗದ ಹಕಾರದ ಲಕ್ಷಣವೆಂದರೆ ಅದೇ ಧಾತುವಿನ ಬೇರೆ ರೂಪಗಳಲ್ಲಿ ಘಕಾರವು ಕಾಣಿಸಿಕೊಳ್ಳುವುದು. ‘ಹಂತಿ’ ಎಂಬುದಕ್ಕೆ ‘ಘ್ನಂತಿ’, ‘ಘಾತ’. ‘ದಹತಿ’ ಎಂಬುದಕ್ಕೆ ‘ನಿದಾಘ’. ಹಾಗೆಯೇ ‘ಅರ್ಹತಿ’ ಎಂಬುದಕ್ಕೆ ‘ಅರ್ಘ’. ಅತಿ ಪ್ರಾಚೀನಕಾಲದಲ್ಲಿ ಕಂಠ್ಯಧ್ವನಿಯು ಎಕಾರದ ಮುಂದೆ ತಾಲವ್ಯವಾಗಿ ಮಾರ್ಪಟ್ಟು, ಒಕಾರದ ಮುಂದೆ ಕಂಠ್ಯವಾಗಿಯೇ ಉಳಿಯಿತು. ಆಮೇಲೆ ಭಾರತ-ಇರಾನೀ ಶಾಖೆಯಲ್ಲಿ ಎಕಾರ ಒಕಾರಗಳೆರಡೂ ಅಕಾರವಾದುದರಿಂದ ಮಾರ್ಪಾಟಿನ ಕಾರಣವು ಮರೆಯಾಗಿ, ಫಲ ಮಾತ್ರ ಉಳಿದುಕೊಂಡಿತು. 1870ರ ದಶಕದಲ್ಲಿ ಐರೋಪ್ಯ ವಿದ್ವಾಂಸರು ಕಂಡುಕೊಂಡ ಈ ತಾಲವ್ಯನಿಯಮದ ಪ್ರಕಾರ ಭಾರತ-ಇರಾನೀ ಮೂಲದಲ್ಲಿ ಕ್ರಿಯಾಪದವು *ಅರ್ಝತಿ ಎಂದೂ ನಾಮಪದವು *ಅರ್ಘ ಎಂದೂ ಇದ್ದುವೆಂದು ನಿರ್ಧರಿಸಬಹುದು. ಭಾರತದ ಕಡೆಯಲ್ಲಿ ಝಕಾರವು ಹಕಾರವಾಯಿತು. ಇರಾನಿನ ಕಡೆಯಲ್ಲಿ ಮಹಾಪ್ರಾಣವು ಲೋಪವಾಗಿ ಜಕಾರವಾಯಿತು.

ಇದಕ್ಕೂ ಹಿಂದಿನ ನೆಲೆಗೆ ಹೋದಲ್ಲಿ, ಗ್ರೀಕ್ ಭಾಷೆಯ ‘ಅಲ್ಫಾನೊ’ (ಬೆಲೆಯಾಗಿ ತಂದುಕೊಡು), ‘ಅಲ್ಫೇ’ (ಗಳಿಕೆ), ಲಿಥುವೇನಿಯನ್ ಭಾಷೆಯ ‘ಅಲ್ಗಾ’ (ವೇತನ) ಎಂಬ ಶಬ್ದಗಳು ಜ್ಞಾತಿಗಳಾಗಿ ದೊರೆಯುತ್ತವೆ. ಅಲ್ಲಿಯ ಲಕಾರವೇ ಭಾರತ-ಇರಾನಿಯಲ್ಲಿ ರಕಾರವಾಗಿದೆ. ಕನ್ಯಾಶುಲ್ಕವಾಗಿ ತಂದೆತಾಯಿಗಳಿಗೆ ಎತ್ತುಗಳನ್ನು ತಂದುಕೊಡುವ ಕನ್ನಿಕೆಯರನ್ನು ಹೋಮರನ ಕಾವ್ಯದಲ್ಲಿ ಈ ಧಾತುವಿನಿಂದಾದ ಸಮಾಸದಿಂದ ಹೆಸರಿಸಿದೆ.

3. ಮೂಲಾರ್ಥ

ಮೇಲೆ ಹೇಳಿದ ಜ್ಞಾತಿಶಬ್ದಗಳೆಲ್ಲವೂ ಒಂದೇ ಅರ್ಥದತ್ತ ಕೈತೋರುತ್ತವೆ. ಬೆಲೆಬಾಳುವುದು, ಬೆಲೆಗೆ ತಕ್ಕುದಾಗಿರುವುದು ಎಂಬುದೇ ಧಾತುವಿನ ಮೂಲಾರ್ಥ. ಅವೆಸ್ತಾದಲ್ಲಿ ‘ಅರೆಜಹ್’ ಎಂದರೆ ಮೌಲ್ಯ. ವೆಂದಿದಾದ್ ಗ್ರಂಥದ ಏಳನೆಯ ಅಧ್ಯಾಯದಲ್ಲಿ ವೈದ್ಯನಿಗೆ ಸಲ್ಲಬೇಕಾದ ಪ್ರತಿಫಲವನ್ನು ವಿಧಿಸುವಾಗ ಈ ಶಬ್ದವು ಬಂದಿದೆ. ಮನೆಯೊಡೆಯನನ್ನು ಗುಣಪಡಿಸಿದರೆ ಕನಿಷ್ಠ ದರ್ಜೆಯ ಪಶುವಿನ ಬೆಲೆ, ಅವನಿಗಿಂತ ಮೇಲಿನ ಒಡೆಯರಿಗೆ ಮಧ್ಯಮ ಮತ್ತು ಉತ್ತಮ ದರ್ಜೆಯ ಪಶುವಿನ ಬೆಲೆ, ನಾಡೊಡೆಯನಿಗಾದರೆ ನಾಲ್ಕು ಕುದುರೆ ಹೂಡಿದ ರಥದ ಬೆಲೆ ಎಂಬುದು ಅಲ್ಲಿಯ ಕಟ್ಟಳೆ.

ಇರಾನೀ ಶಾಖೆಯಲ್ಲಿ ಈ ಅರ್ಥವು ಇಂದಿನವರೆಗೂ ಅಳಿದಿಲ್ಲ. ಪಾರಸೀ ಭಾಷೆಯಲ್ಲಿ ‘ಅರ್ಜ಼ೀದನ್’ ಎಂದರೆ ಬೆಲೆಬಾಳುವುದು. ‘ಅರ್ಜ಼ಿಶ್’ ಎಂದರೆ ಮೌಲ್ಯ. ‘ಅರ್ಜ಼ಾನ್’ ಎಂದರೆ ಅಗ್ಗವಾದುದು. ಮಧ್ಯಕಾಲೀನ ಪಾರಸಿಯಲ್ಲಿ ಇದೇ ‘ಅರ್ಜ಼ಾನ್’ ಶಬ್ದಕ್ಕೆ ಯೋಗ್ಯವಾದುದು ಎಂಬ ಅರ್ಥವಿದ್ದಿತು. ಕಾಕಸಸ್ ಪರ್ವತಪ್ರದೇಶದ ಓಸೆಟ್ ಭಾಷೆಯಲ್ಲಿ ‘ಅರ್ಗ್’ ಎಂದರೆ ಬೆಲೆ. ಆರ್ಮೇನಿಯನ್ ಭಾಷೆಯು ಯೋಗ್ಯ ಎಂಬರ್ಥದ ತನ್ನ ಶಬ್ದವನ್ನು ಪಾರ್ಥಿಯನ್ ಭಾಷೆಯಿಂದ ಎರವಲಾಗಿ ಪಡೆದಿದೆ. (ಕನ್ನಡದಲ್ಲಿ ಬಳಕೆಯಲ್ಲಿರುವ ‘ಅರ್ಜಿ’ ಶಬ್ದವನ್ನು ಇದರೊಡನೆ ಸೇರಿಸಬಾರದು, ಅದು ಅರಬ್ಬೀ ಮೂಲದ್ದು.)

ಭಾರತದ ಕಡೆಯಲ್ಲಿ ‘ಅರ್ಘ’ವು ಬೆಲೆಯೆಂಬ ಅರ್ಥವನ್ನೇ ಉಳಿಸಿಕೊಂಡಿತು, ‘ಸಹಸ್ರಾರ್ಘ’ ಎಂಬ ಸಮಾಸವು ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಇದೆ. ಕ್ರಿಯಾಪದವಾದರೋ ಬೆಲೆಬಾಳುವುದರಿಂದ ತಕ್ಕುದಾಗಿರುವುದಕ್ಕೆ, ಅಲ್ಲಿಂದ ಹಕ್ಕುಳ್ಳದ್ದಾಗಿರುವುದಕ್ಕೆ, ಕೊನೆಗೆ ಪೂಜ್ಯವಾಗಿರುವುದಕ್ಕೆ ಏರಿತು. ಧಾತುಪಾಠದಲ್ಲಿ ಈ ಧಾತುವಿಗೆ ‘ಪೂಜೆ’ ಎಂದು ಅರ್ಥ ಹೇಳಿರುವುದು ಈ ಏರಿಕೆಯ ಕೊನೆಯ ಮೆಟ್ಟಿಲು.

ಜೈನಾಗಮಗಳ ಅರ್ಧಮಾಗಧಿಯು ಈ ಎರಡು ಮೆಟ್ಟಿಲುಗಳನ್ನೂ ಒಟ್ಟಿಗೆ ಉಳಿಸಿಕೊಂಡಿರುವುದು ವಿಶೇಷ. ಅರಸರ ಅಭಿಷೇಕ, ಕಾಣಿಕೆ ಮೊದಲಾದವುಗಳ ವರ್ಣನೆಗಳಲ್ಲಿ ‘ಮಹಗ್ಘ’, ‘ಮಹರಿಹ’ ಎಂಬ ವಿಶೇಷಣಗಳು ಜೊತೆಜೊತೆಯಾಗಿ ಬರುವುದನ್ನು ಆಗಮಾಭ್ಯಾಸಿಗಳು ಬಲ್ಲರು. ಮೊದಲನೆಯದು ‘ಮಹಾರ್ಘ’, ಎರಡನೆಯದು ‘ಮಹಾರ್ಹ’. ಇಲ್ಲಿ ‘ರಿಹ’ ಎಂಬ ಅಂಶವು ಬೆಲೆಯುಳ್ಳ ವಸ್ತುವಿಗೆ ಅನ್ವಯಿಸಿದೆಯಲ್ಲದೆ ಅರಿಯ ಮಾತಾಗಲಿ, ಹನನದ ಮಾತಾಗಲಿ ಇಲ್ಲ. ಈ ಉದಾಹರಣೆಯನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

4. ಋಗ್ವೇದದ ‘ಅರ್ಹನ್’

ಋಗ್ವೇದದಲ್ಲಿ ಈ ಧಾತುವಿನ ಪ್ರಯೋಗಗಳು ಹಕ್ಕುಳ್ಳವನಾಗಿರುವುದು ಎಂಬರ್ಥದಲ್ಲಿ ಕಾಣುತ್ತವೆ. ಸೋಮರಸವನ್ನು ಎಲ್ಲರಿಗಿಂತ ಮೊದಲು ಕುಡಿಯಲು ವಾಯುವು ಅರ್ಹನು ಎಂದು ಮೊದಲನೆಯ ಮಂಡಲದಲ್ಲಿ ಹೇಳಿದೆ. ಶತೃಪ್ರತ್ಯಯಾಂತವಾದ ‘ಅರ್ಹನ್’ ಎಂಬ ರೂಪವು ಎರಡನೆಯ ಮಂಡಲದ 33ನೆಯ ಸೂಕ್ತದಲ್ಲಿ ರುದ್ರನಿಗೆ ವಿಶೇಷಣವಾಗಿ ಬಂದಿದೆ. ಈ ಪ್ರಯೋಗವನ್ನು ಆಧಾರವಾಗಿಟ್ಟುಕೊಂಡು ವೇದದಲ್ಲಿಯೇ ಅರ್ಹತ್ಪರಮೇಷ್ಠಿಯ ಉಲ್ಲೇಖವಿದೆಯೆಂದು ಸಾಧಿಸುವ ಪ್ರಯತ್ನಗಳು ನಡೆದಿವೆ.

ಈ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಏಳನೆಯ ಮಂಡಲದ 18ನೆಯ ಸೂಕ್ತದಲ್ಲಿ ಪೈಜವನನಾದ ಸುದಾಸನ ದಾನಕ್ಕೆ ತಾನು ತಕ್ಕವನು ಎಂದು ಋಷಿಯು ತನ್ನನ್ನೇ ಕುರಿತು ‘ಅರ್ಹನ್’ ಎಂದಿದ್ದಾನೆ. ಆದ್ದರಿಂದ ಋಗ್ವೇದದ ಕಾಲಕ್ಕೆ ಇದು ಯಾವ ದೇವತೆಗೂ, ಯಾವ ಮಹಾಪುರುಷನಿಗೂ ಮೀಸಲಾದ ಬಿರುದಾಗಿರಲಿಲ್ಲ; ತಕ್ಕವನಾದ ಯಾರಿಗಾದರೂ ಸಲ್ಲುವ ಸಾಮಾನ್ಯ ಕೃದಂತವಾಗಿತ್ತು. ಜೈನಧರ್ಮದ ಪ್ರಾಚೀನತೆಗೆ ಬೇರೆ ಆಧಾರಗಳು ಇರುವಾಗ ಈ ದುರ್ಬಲವಾದ ಆಧಾರವನ್ನು ಅವಲಂಬಿಸುವುದು ಅನಾವಶ್ಯಕ. ಪಾಣಿನಿಯ ಕಾಲಕ್ಕೆ ಪರಿಸ್ಥಿತಿಯು ಬದಲಾಗಿದೆ. ಅಷ್ಟಾಧ್ಯಾಯಿಯ 3.2.133ನೆಯ ಸೂತ್ರದಲ್ಲಿ ಪ್ರಶಂಸೆಯು ತೋರುವಲ್ಲಿ ಈ ಧಾತುವಿಗೆ ಶತೃಪ್ರತ್ಯಯವನ್ನು ವಿಶೇಷವಾಗಿ ವಿಧಿಸಿದೆ. ಎಂದರೆ ಆ ವೇಳೆಗೆ ‘ಅರ್ಹತ್’ ಎಂಬುದು ಬರಿಯ ಕೃದಂತವಾಗಿ ಉಳಿಯದೆ ಗೌರವದ ಮಾತಾಗಿತ್ತು. ಜೈನರೂ ಬೌದ್ಧರೂ ತಮ್ಮ ಅತ್ಯುನ್ನತ ಪುರುಷರಿಗೆ ಈ ಹೆಸರನ್ನು ಕೊಟ್ಟುದು ಈ ಗೌರವಾರ್ಥವನ್ನು ಆಶ್ರಯಿಸಿಯೇ.

5. ಸ್ವರಭಕ್ತಿಯ ಸಾಕ್ಷ್ಯ

ಪ್ರಾಕೃತದಲ್ಲಿ ರೇಫಯುಕ್ತವಾದ ಸಂಯುಕ್ತಾಕ್ಷರಗಳು ಸಾಮಾನ್ಯವಾಗಿ ಸಮೀಕರಣವನ್ನು ಹೊಂದುತ್ತವೆ: ‘ಧರ್ಮ’ವು ‘ಧಮ್ಮ’, ‘ಅರ್ಘ’ವು ‘ಅಗ್ಘ’. ಆದರೆ ಹಕಾರಕ್ಕೆ ದ್ವಿತ್ವವಿಲ್ಲದುದರಿಂದ ‘ರ್ಹ’ ಎಂಬಲ್ಲಿ ಈ ಮಾರ್ಗವು ಮುಚ್ಚಿದೆ. ಅಲ್ಲಿ ನಡುವೆ ಒಂದು ಸ್ವರವು ಸೇರಬೇಕಾಗುತ್ತದೆ. ಆ ಸ್ವರವು ಅಕಾರವೋ ಇಕಾರವೋ ಉಕಾರವೋ ಎಂಬುದು ಆಯಾ ಭಾಷೆಯ, ಆಯಾ ಪ್ರಾಂತದ ರೂಢಿಯನ್ನು ಅವಲಂಬಿಸಿದೆ.

ವರರುಚಿಯು ಪ್ರಾಕೃತಪ್ರಕಾಶದ ಮೂರನೆಯ ಪರಿಚ್ಛೇದದಲ್ಲಿ ಇಕಾರಾಗಮವನ್ನು ಹೊಂದುವ ಶಬ್ದಗಳನ್ನು ಎಣಿಸುವಾಗ ‘ಶ್ರೀ’, ‘ಹ್ರೀ’, ‘ಹರ್ಷ’ ಮೊದಲಾದವುಗಳೊಡನೆ ‘ಅರ್ಹ’, ‘ಗರ್ಹ’ ಎಂಬವನ್ನೂ ಸೇರಿಸಿದ್ದಾನೆ. ಆಚಾರ್ಯ ಹೇಮಚಂದ್ರನು ಸಿದ್ಧಹೇಮಶಬ್ದಾನುಶಾಸನದ ಎಂಟನೆಯ ಅಧ್ಯಾಯದಲ್ಲಿ (8.2.104) ‘ರ್ಹ’ ಎಂಬ ಸಂಯೋಗಕ್ಕೆ ಇಕಾರಾಗಮವನ್ನು ಸಾಮಾನ್ಯವಾಗಿಯೇ ವಿಧಿಸಿ ‘ಅರಿಹಇ’, ‘ಗರಿಹಾ’, ‘ಬರಿಹೋ’ ಎಂಬ ಉದಾಹರಣೆಗಳನ್ನು ಕೊಟ್ಟಿದ್ದಾನೆ. ಮುಂದೆ 8.2.111ನೆಯ ಸೂತ್ರದಲ್ಲಿ ‘ಅರ್ಹತ್’ ಶಬ್ದವನ್ನೇ ಪ್ರತ್ಯೇಕವಾಗಿ ಎತ್ತಿಕೊಂಡು ಅದಕ್ಕೆ ಉಕಾರ, ಅಕಾರ, ಇಕಾರಗಳು ಮೂರೂ ಆಗಮವಾಗಿ ಬರುತ್ತವೆಂದು ಹೇಳಿ, ಅರುಹಂತ, ಅರಹಂತ, ಅರಿಹಂತ ಎಂಬ ಮೂರು ರೂಪಗಳನ್ನೂ ಅಂಗೀಕರಿಸಿದ್ದಾನೆ. ಜೈನ ಪರಂಪರೆಯ ಮಹಾವೈಯಾಕರಣನೇ ಮೂರನ್ನೂ ಒಂದೇ ಸಂಸ್ಕೃತ ಶಬ್ದದಿಂದ ಸಾಧಿಸಿರುವುದು ಈ ಚರ್ಚೆಯಲ್ಲಿ ಬಹು ಮುಖ್ಯವಾದ ಪ್ರಮಾಣ.

ಪ್ರತಿಕ್ರಮಣದ ಪಾಠಗಳಲ್ಲಿ ನಿಂದೆಯೊಡನೆ ಬರುವ ‘ಗರಿಹಾ’ ಶಬ್ದವು ಎಲ್ಲರಿಗೂ ಪರಿಚಿತ. ಅದರ ಮೂಲ ‘ಗರ್ಹಾ’. ಅಲ್ಲಿಯ ಇಕಾರಕ್ಕೆ ಯಾರೂ ಪ್ರತ್ಯೇಕ ಅರ್ಥವನ್ನು ಹುಡುಕುವುದಿಲ್ಲ. ಪಾಲಿಭಾಷೆಯಲ್ಲಿ ಇದೇ ಶಬ್ದವು ‘ಗರಹಾ’ ಎಂದಾಗುತ್ತದೆ. ಅದೇ ಪಾಲಿಯಲ್ಲಿ ‘ಅರಹಂತ’ ಎಂದೇ ಇದೆ. ‘ಗರಿಹಾ’ ಎಂಬುದಕ್ಕೆ ‘ಗರಹಾ’ ಹೇಗೋ ‘ಅರಿಹಂತ’ ಎಂಬುದಕ್ಕೆ ‘ಅರಹಂತ’ವೂ ಹಾಗೆಯೇ. ಒಂದರಲ್ಲಿ ಇಕಾರವು ಧ್ವನಿನಿಯಮದಿಂದ ಬಂದಿದೆಯೆಂದು ಒಪ್ಪಿ ಮತ್ತೊಂದರಲ್ಲಿ ಅದು ‘ಅರಿ’ ಶಬ್ದದ ಇಕಾರವೆಂದು ಹೇಳುವುದಕ್ಕೆ ಆಧಾರವಿಲ್ಲ. ಮೇಲೆ ಕಂಡ ‘ಮಹರಿಹ’ವೂ ಇದನ್ನೇ ಸಮರ್ಥಿಸುತ್ತದೆ.

6. ವಿಭಕ್ತಿರೂಪಗಳ ಸಾಕ್ಷ್ಯ

ಆದರೂ ಒಂದು ಆಕ್ಷೇಪಕ್ಕೆ ಅವಕಾಶವಿದೆ. ‘ಅರಿಹಂತ’ದ ಇಕಾರವು ಸ್ವರಭಕ್ತಿಯಿಂದ ಬಂದಿರಬಹುದಾದರೂ ‘ಅರಿ’ ಶಬ್ದದಿಂದ ಬಂದಿರಲು ಸಾಧ್ಯವೇ ಇಲ್ಲವೆಂದು ಹೇಗೆ ಹೇಳುವುದು? ‘ಅರ್ಹತಿ’, ‘ಹಂತಿ’ ಎಂಬ ಎರಡರ ಹಕಾರವೂ ಒಂದೇ ವರ್ಗದ್ದೆಂದು ಮೇಲೆ ಹೇಳಿದ್ದಾಗಿದೆ. ಹಾಗಾಗಿ ಹಕಾರದ ಮೂಲದಿಂದ ಇದು ತೀರ್ಮಾನವಾಗದು. ತೀರ್ಮಾನಕ್ಕೆ ವಿಭಕ್ತಿರೂಪಗಳನ್ನು ನೋಡಬೇಕು.

‘ಹನ್’ ಧಾತುವು ಸಮಾಸದ ಕೊನೆಯಲ್ಲಿ ಬಂದಾಗ ಅದರ ರೂಪಗಳು ಹೇಗಿರುತ್ತವೆಂಬುದಕ್ಕೆ ‘ವೃತ್ರಹನ್’ ಶಬ್ದವು ಮಾದರಿ. ಪ್ರಥಮೆಯಲ್ಲಿ ‘ವೃತ್ರಹಾ’, ಷಷ್ಠಿಯಲ್ಲಿ ‘ವೃತ್ರಘ್ನಃ’. ಅವೆಸ್ತಾದ ‘ವೆರೆಥ್ರಜನ್’ ಶಬ್ದವೂ ಷಷ್ಠಿಯಲ್ಲಿ ಇದೇ ರೀತಿ ಘಕಾರದ ಸ್ಥಾನೀಯ ಧ್ವನಿಯನ್ನು ಹೊಂದುವುದರಿಂದ ಈ ಕ್ರಮವು ಭಾರತ-ಇರಾನೀ ಕಾಲದಷ್ಟು ಹಳೆಯದು. ಆದಕಾರಣ ‘ಅರಿಹನ್’ ಎಂಬ ಶಬ್ದವಿದ್ದಲ್ಲಿ ಅದರ ಷಷ್ಠಿಯು ‘ಅರಿಘ್ನಃ’ ಎಂದಾಗಬೇಕು. ಶತೃಪ್ರತ್ಯಯಾಂತವನ್ನು ತೆಗೆದುಕೊಂಡರೆ ‘ಹನ್’ ಧಾತುವಿನ ರೂಪವು ‘ಘ್ನತ್’, ಪ್ರಾಕೃತದಲ್ಲಿ ‘ಹಣಂತ’. ಕರ್ತೃವಾಚಕವಾದ ‘ಹಂತೃ’ ಶಬ್ದಕ್ಕೆ ಷಷ್ಠಿಯು ‘ಹಂತುಃ’. ಈ ಮೂರು ಮಾರ್ಗಗಳಲ್ಲಿ ಯಾವುದರಿಂದಲೂ ‘ಹತಃ’ ಎಂದು ಕೊನೆಗೊಳ್ಳುವ ಷಷ್ಠೀರೂಪವು ಸಿದ್ಧಿಸುವುದಿಲ್ಲ.

ಪ್ರಾಚೀನ ಪ್ರಯೋಗಗಳಲ್ಲಿ ಕಾಣುವುದು ಇಂಥ ರೂಪವೇ. ಮಥುರೆಯ ಕಂಕಾಲೀ ದಿಬ್ಬದಿಂದ ದೊರೆತ ಆಮೋಹಿನಿಯ ಶಿಲಾಫಲಕದಲ್ಲಿ ವರ್ಧಮಾನನನ್ನು ವಂದಿಸುವ ‘ಅರಹತೋ’ ಎಂಬ ರೂಪವು ಸಂಸ್ಕೃತದ ‘ಅರ್ಹತಃ’ ಎಂಬುದರ ನೇರವಾದ ರೂಪಾಂತರ. ಕಲ್ಪಸೂತ್ರದ ಜಿನಚರಿತ್ರಭಾಗದಲ್ಲಿ ಪಾರ್ಶ್ವ, ಅರಿಷ್ಟನೇಮಿ ಮೊದಲಾದ ತೀರ್ಥಂಕರರ ಹೆಸರುಗಳೊಡನೆ ಪ್ರಥಮೆಯಲ್ಲಿ ‘ಅರಹಾ’, ಷಷ್ಠಿಯಲ್ಲಿ ‘ಅರಹಓ’ ಎಂದು ಮತ್ತೆ ಮತ್ತೆ ಬರುತ್ತದೆ. ‘ಅಂತ್’, ‘ಅತ್’ ಎಂಬ ಪ್ರಬಲ ದುರ್ಬಲ ಅಂಗಗಳ ಈ ಭೇದವು ‘ಅರ್ಹ’ ಧಾತುವಿನ ಶತೃಪ್ರತ್ಯಯಾಂತಕ್ಕೆ ಮಾತ್ರ ಹೊಂದುತ್ತದೆ. ಜೈನನೆಂಬ ಅರ್ಥದ ‘ಆರ್ಹತ’ ಎಂಬ ತದ್ಧಿತಾಂತವೂ ಇದೇ ಅಂಗದಿಂದ ಹುಟ್ಟಿದುದು. ಖಾರವೇಲನ ಹಾಥೀಗುಂಫಾ ಶಾಸನದ ಆದಿಯಲ್ಲಿರುವುದೂ ‘ಅರಹಂತಾನಂ’ ಎಂಬ ಅಕಾರಸಹಿತ ರೂಪವೇ.

ಹಾಗಿದ್ದಲ್ಲಿ ಎರಡು ಶಬ್ದಗಳು ಬೆರೆತುದು ಎಲ್ಲಿ? ಪ್ರಥಮಾ ಏಕವಚನದಲ್ಲಿ. ‘ಅರ್ಹನ್’ ಎಂಬುದು ಸ್ವರಭಕ್ತಿಯಿಂದ ‘ಅರಿಹಾ’ ಎಂದಾಗುತ್ತದೆ. ‘ಅರಿಹನ್’ ಶಬ್ದದ ಪ್ರಥಮೆಯೂ ‘ಅರಿಹಾ’ ಎಂದೇ ಆಗುತ್ತದೆ. ಈ ಒಂದು ರೂಪವು ಕಿವಿಗೆ ಒಂದೇ ಆಗಿ ಕೇಳಿಸಿದುದರಿಂದ ಎರಡನೆಯ ಅರ್ಥವು ಮೊದಲನೆಯ ಶಬ್ದದೊಳಕ್ಕೆ ಪ್ರವೇಶಿಸಿತೆಂದು ಊಹಿಸಬಹುದು. ಷಷ್ಠೀ ಬಹುವಚನದಲ್ಲಿ ಭೇದವು ಸ್ಪಷ್ಟವಾಗಿ ತೋರದಿರುವುದೂ ಇದಕ್ಕೆ ಸಹಕಾರಿಯಾಯಿತು.

7. ಆಚಾರ್ಯರ ನಿರುಕ್ತಿಗಳು

ಇಷ್ಟರಿಂದ ‘ಅರಿಗಳನ್ನು ಹನನ ಮಾಡಿದವನು’ ಎಂಬ ವಿವರಣೆಯು ಅಜ್ಞಾನದ ಫಲವೆಂದು ಭಾವಿಸಬಾರದು. ಆವಶ್ಯಕನಿರ್ಯುಕ್ತಿಯಲ್ಲಿಯೂ ವಟ್ಟಕೇರಾಚಾರ್ಯನ ಮೂಲಾಚಾರದಲ್ಲಿಯೂ ವಂದನೆಗೆ ಅರ್ಹನೆಂಬ ಅರ್ಥ, ಅರಿಹನನದ ಅರ್ಥ ಎರಡನ್ನೂ ಹೇಳಿದೆ. ಕ್ರಿ.ಶ. 9ನೆಯ ಶತಮಾನದ ಆದಿಭಾಗದಲ್ಲಿ ವೀರಸೇನಾಚಾರ್ಯನು ಧವಲಾಟೀಕೆಯ ಮಂಗಲವಿವರಣೆಯಲ್ಲಿ ನಾಲ್ಕು ಅರ್ಥಗಳನ್ನು ಕೊಟ್ಟಿದ್ದಾನೆ. ಅರಿಯೆಂದರೆ ಮೋಹ, ಅದನ್ನು ನಾಶಮಾಡಿದವನು. ರಜಸ್ಸೆಂದರೆ ಜ್ಞಾನ-ದರ್ಶನಗಳ ಆವರಣ, ಅದನ್ನು ನಾಶಮಾಡಿದವನು. ರಹಸ್ಯವೆಂದರೆ ಅಂತರಾಯ, ಅದು ಇಲ್ಲದವನು. ಅತಿಶಯವಾದ ಪೂಜೆಗೆ ಅರ್ಹನು. ಮೊದಲ ಮೂರು ಅರ್ಥಗಳನ್ನು ಕೂಡಿಸಿದರೆ ಮೋಹನೀಯ, ಜ್ಞಾನಾವರಣೀಯ, ದರ್ಶನಾವರಣೀಯ, ಅಂತರಾಯಗಳೆಂಬ ನಾಲ್ಕು ಘಾತಿಕರ್ಮಗಳು ಒಂದೂ ಬಿಡದೆ ಬರುತ್ತವೆ. ಎಂದರೆ ಒಂದು ನಾಮದ ನೆಪದಲ್ಲಿ ಕರ್ಮಸಿದ್ಧಾಂತದ ಒಂದು ಪ್ರಕರಣವನ್ನೇ ಆಚಾರ್ಯನು ಕಟ್ಟಿಕೊಟ್ಟಿದ್ದಾನೆ. ಇದು ನಿರುಕ್ತಿಯ ಕಾರ್ಯ. ನಾಲ್ಕನೆಯ ಅರ್ಥವು ವ್ಯುತ್ಪತ್ತಿಯದು. ಎರಡನ್ನೂ ಅವನು ಒಂದರ ಪಕ್ಕದಲ್ಲಿ ಒಂದಾಗಿ ಇಟ್ಟಿದ್ದಾನಲ್ಲದೆ ಒಂದರಿಂದ ಮತ್ತೊಂದನ್ನು ಅಳಿಸಿಲ್ಲ.

ಭಗವತೀಸೂತ್ರದ ವೃತ್ತಿಯಲ್ಲಿ ಅಭಯದೇವಸೂರಿಯೂ ಹೀಗೆಯೇ ಪಾಠಾಂತರಗಳನ್ನು ಹೆಸರಿಸಿ, ಕರ್ಮಬೀಜವು ಸುಟ್ಟುಹೋದುದರಿಂದ ಮತ್ತೆ ಮೊಳೆಯದವನು ಎಂದು ‘ಅರುಹಂತ’ಕ್ಕೆ ಅರ್ಥ ಹೇಳಿದ್ದಾನೆ. ಬೌದ್ಧರಲ್ಲಿ ಬುದ್ಧಘೋಷನು ವಿಸುದ್ಧಿಮಗ್ಗದ ಏಳನೆಯ ಪರಿಚ್ಛೇದದಲ್ಲಿ ಕ್ಲೇಶಗಳಿಂದ ದೂರನಾದವನು, ಅರಿಗಳನ್ನು ಕೊಂದವನು, ಸಂಸಾರಚಕ್ರದ ಅರೆಗಳನ್ನು ಮುರಿದವನು, ಕಾಣಿಕೆಗಳಿಗೆ ಅರ್ಹನು, ಪಾಪಕ್ಕೆ ರಹಸ್ಯವಿಲ್ಲದವನು ಎಂದು ಐದು ಅರ್ಥಗಳನ್ನು ಹೇಳಿದ್ದಾನೆ. ಬೌದ್ಧಗ್ರಂಥಗಳನ್ನು ಭಾಷಾಂತರಿಸಿದ ಟಿಬೆಟ್ಟಿನ ವಿದ್ವಾಂಸರು ಈ ಐದರಲ್ಲಿ ಶತ್ರುವನ್ನು ಜಯಿಸಿದವನು ಎಂಬುದನ್ನೇ ಆರಿಸಿಕೊಂಡು ತಮ್ಮ ಭಾಷೆಯ ಪದವನ್ನು ರಚಿಸಿದರು. ಹೀಗೆ ಅಲ್ಲಿ ಶಬ್ದದ ವ್ಯುತ್ಪತ್ತಿಸಿದ್ಧವಾದ ಅರ್ಥವು ಪೂರ್ತಿ ಮರೆಯಾಯಿತು, ನಿರುಕ್ತಿಯೇ ವಾಚ್ಯಾರ್ಥವಾಯಿತು. ‘ಅರಿಹಂತ’ವನ್ನು ಶತ್ರುಸಂಹಾರಕನೆಂದು ಇತರ ಭಾಷೆಗಳಿಗೆ ಅನುವಾದಿಸುವವರಿಂದ ಆಗುವುದೂ ಇದೇ ಹಾನಿ. ಸಂಪ್ರದಾಯವನ್ನು ಅರಿಯದ ಓದುಗನಿಗೆ ವೀತರಾಗನ ಹೆಸರು ಯುದ್ಧವೀರನ ಬಿರುದಿನಂತೆ ಕೇಳಿಸುತ್ತದೆ. ನಿರುಕ್ತಿಯನ್ನು ನಿರುಕ್ತಿಯೆಂದೇ ತಿಳಿಸಿದಲ್ಲಿ ಈ ಹಾನಿಗೆ ಎಡೆಯಿಲ್ಲ.

8. ಕನ್ನಡದಲ್ಲಿ ಈ ಧಾತುವಿನ ಸಂತತಿ

ಕನ್ನಡಕ್ಕೆ ಈ ಧಾತುವಿನ ಸಂತತಿಯು ಹಲವು ದಾರಿಗಳಿಂದ ಬಂದಿದೆ. ಸಂಸ್ಕೃತದಿಂದ ‘ಅರ್ಹ’, ‘ಅರ್ಹತೆ’, ‘ಅನರ್ಹ’, ‘ಅರ್ಘ್ಯ’ ಎಂಬವು ತತ್ಸಮಗಳಾಗಿ ಬಂದಿವೆ. ಪ್ರಾಕೃತದ ಉಕಾರಸಹಿತವಾದ ರೂಪವು ಹಳಗನ್ನಡದಲ್ಲಿ ‘ಅರುಹ’ ಎಂದು ನೆಲೆಗೊಂಡಿತು. ತಮಿಳಿನ ‘ಅರುಗನ್’ ಎಂಬುದೂ ಇದೇ. ಅರುಹನೆಂದರೆ ಅರಿವುಳ್ಳವನು ಎಂದು ಕನ್ನಡದ ‘ಅಱಿ’ ಧಾತುವಿನೊಡನೆ ಇದನ್ನು ಕೂಡಿಸಬೇಕೆಂಬ ಆಸೆ ಹುಟ್ಟಬಹುದು. ಆದರೆ ‘ಅಱಿ’ಯಲ್ಲಿರುವುದು ಶಕಟರೇಫ, ‘ಅರುಹ’ದಲ್ಲಿರುವುದು ಸಾಧಾರಣ ರೇಫ. ತಮಿಳಿನ ಬರೆಹವೂ ಈ ಭೇದವನ್ನು ಕಾಪಾಡಿಕೊಂಡಿದೆ.

ಬೆಲೆಯೆಂಬ ಮೂಲಾರ್ಥದ ಎಳೆಯೂ ಕನ್ನಡದಲ್ಲಿ ಕಡಿದಿಲ್ಲ. ‘ಅರ್ಘ’ವು ಪ್ರಾಕೃತದಲ್ಲಿ ‘ಅಗ್ಘ’ವಾಗಿ, ಕನ್ನಡದಲ್ಲಿ ಮಹಾಪ್ರಾಣವನ್ನು ಕಳೆದುಕೊಂಡು ‘ಅಗ್ಗ’ವಾಗಿದೆ. ‘ಮಹಾರ್ಘ’ವು ‘ಮಹಗ್ಘ’ವಾಗಿ, ಹಿಂದಿಯ ‘ಮಹಂಗಾ’, ಮರಾಠಿಯ ‘ಮಹಾಗ’, ಗುಜರಾತಿಯ ‘ಮೋಂಘುಂ’ ಎಂಬ ರೂಪಗಳನ್ನು ತಳೆದಿದೆ. ತಕ್ಕ ಬೆಲೆಯದು ಎಂಬುದರಿಂದ ಕಡಿಮೆ ಬೆಲೆಯದು ಎಂಬುದಕ್ಕೆ ಕನ್ನಡದ ‘ಅಗ್ಗ’ವು ನಡೆದ ದಾರಿಯನ್ನೇ ಪಾರಸಿಯ ‘ಅರ್ಜ಼ಾನ್’ ಶಬ್ದವೂ ನಡೆದಿರುವುದು ಕುತೂಹಲಕರ. ಒಂದರ ಪ್ರಭಾವದಿಂದ ಮತ್ತೊಂದು ಹೀಗಾಯಿತೆನ್ನಲು ಕಾರಣವಿಲ್ಲ. ಸಂತೆಯ ವ್ಯವಹಾರವು ಎರಡು ಕಡೆಯೂ ಒಂದೇ ಬಗೆಯಾಗಿ ಶಬ್ದಾರ್ಥವನ್ನು ತೇಯಿತು. ಅದೇ ಧಾತುವಿನ ಇನ್ನೆರಡು ಶಬ್ದಗಳು ಬಸದಿಯ ನಿತ್ಯಪೂಜೆಯಲ್ಲಿ ಒಂದೆಡೆ ಸೇರುತ್ತವೆ: ಅರ್ಪಿಸುವುದು ಅರ್ಘ್ಯ, ಅದಕ್ಕೆ ತಕ್ಕವನು ಅರ್ಹಂತ.

9. ಸಂಪಾದಕರ ಗಮನಕ್ಕೆ

ಮೇಲಣ ವಿವೇಚನೆಯಿಂದ ಹಸ್ತಪ್ರತಿಗಳ ಪಾಠನಿರ್ಣಯಕ್ಕೆ ಕೆಲವು ಸೂತ್ರಗಳು ಫಲಿಸುತ್ತವೆ.

ಮೊದಲನೆಯದಾಗಿ, ಮೂರು ರೂಪಗಳೂ ಒಂದೇ ಶಬ್ದದ ಧ್ವನಿಭೇದಗಳಾದುದರಿಂದ ಯಾವುದನ್ನೂ ಅಪಪಾಠವೆಂದು ತಿದ್ದಬಾರದು. ಪ್ರತಿಯಲ್ಲಿರುವುದನ್ನು ಇದ್ದಂತೆಯೇ ಉಳಿಸಬೇಕು. ಶಾಸನಗಳಲ್ಲಿ ಅಕಾರವು ಪ್ರಾಚೀನವೆಂಬ ಕಾರಣದಿಂದ ಇಕಾರವನ್ನು ಅಳಿಸುವುದೂ, ನಿತ್ಯಪಾಠದಲ್ಲಿ ಇಕಾರವು ರೂಢವೆಂಬ ಕಾರಣದಿಂದ ಅಕಾರವನ್ನು ಅಳಿಸುವುದೂ ಸಮಾನವಾದ ತಪ್ಪುಗಳು.

ಎರಡನೆಯದಾಗಿ, ಒಂದು ಪ್ರತಿಯ ಪಾಠವನ್ನು ತೂಗುವಾಗ ಅದೇ ಲಿಪಿಕಾರನು ‘ಗರ್ಹಾ’, ‘ಮಹಾರ್ಹ’ ಮೊದಲಾದ ಶಬ್ದಗಳನ್ನು ಹೇಗೆ ಬರೆದಿದ್ದಾನೆಂದು ನೋಡಬೇಕು. ‘ಗರಹಾ’ ಎಂದು ಬರೆಯುವವನು ‘ಅರಿಹಂತ’ ಎಂದು ಬರೆದಿದ್ದಲ್ಲಿ ಅವನು ನಿರುಕ್ತಿಯ ಪ್ರಭಾವಕ್ಕೆ ಒಳಗಾಗಿರುವ ಸಂಭವವುಂಟು. ಎರಡರಲ್ಲಿಯೂ ಇಕಾರವಿದ್ದಲ್ಲಿ ಅದು ಅವನ ಭಾಷೆಯ ರೂಢಿ ಮಾತ್ರ.

ಮೂರನೆಯದಾಗಿ, ಟೀಕಾಕಾರನು ‘ಅರಿ’ ಎಂದು ಬಿಡಿಸಿ ಅರ್ಥ ಹೇಳಿರುವುದರಿಂದ ಅವನ ಮುಂದಿದ್ದ ಪ್ರತಿಯಲ್ಲಿ ಇಕಾರವಿದ್ದಿರಬೇಕೆಂದು ತಿಳಿಯಬಹುದು. ಮೂಲಗ್ರಂಥಕಾರನ ಪಾಠವೂ ಅದೇ ಆಗಿತ್ತೆಂದು ಅದರಿಂದ ಸಿದ್ಧವಾಗದು.

ನಾಲ್ಕನೆಯದಾಗಿ, ಮೂಡುಬಿದಿರೆಯಲ್ಲಿ ರಕ್ಷಿತವಾಗಿ ಬಂದ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಹಳಗನ್ನಡ ಲಿಪಿಯವು. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 16 ಸಂಪುಟಗಳಲ್ಲಿ ಬೆಳಕು ಕಂಡ ಆ ಮಹಾಗ್ರಂಥಕ್ಕೆ ಆಧಾರವಾದ ಪರಂಪರೆಯು ಈ ಲಿಪಿಯ ಮೂಲಕವೇ ನಮಗೆ ದೊರೆತಿದೆ. ಕನ್ನಡ ಲಿಪಿಯಲ್ಲಿ ‘ರ’, ‘ರಿ’ ಎಂಬ ಎರಡಕ್ಕೂ ಇರುವ ಅಂತರವು ತಲೆಕಟ್ಟು ತೆರೆದಿದೆಯೋ ಗುಡಿಸಾಗಿ ಮುಚ್ಚಿದೆಯೋ ಎಂಬಷ್ಟೇ. ಕಂಠದಿಂದ ಕೊರೆದು ಮಸಿ ಹಚ್ಚಿದ ಗರಿಯಲ್ಲಿ ಈ ಅಂತರವು ಎಷ್ಟು ಸುಲಭವಾಗಿ ಮಾಸಬಲ್ಲುದೆಂಬುದನ್ನು ಓಲೆಗಳನ್ನು ಓದಿದವರಿಗೆ ಹೇಳಬೇಕಾದುದಿಲ್ಲ. ಆದುದರಿಂದ ದೇವನಾಗರಿಯ ಪ್ರತಿಲಿಪಿಯಲ್ಲಿ ಇಕಾರವಿದೆಯೆಂದ ಮಾತ್ರಕ್ಕೆ ಓಲೆಯಲ್ಲಿಯೂ ಇದೆಯೆಂದು ನಂಬದೆ, ಸಾಧ್ಯವಿದ್ದಲ್ಲೆಲ್ಲ ಓಲೆಯನ್ನೇ, ಇಲ್ಲವೆ ಅದರ ಛಾಯಾಪ್ರತಿಯನ್ನೇ ನೋಡಿ ನಿರ್ಧರಿಸುವುದು ಅವಶ್ಯ.

ಒಟ್ಟಿನಲ್ಲಿ, ಪಶುವಿನ ಬೆಲೆಯನ್ನೂ ವೈದ್ಯನ ದಕ್ಷಿಣೆಯನ್ನೂ ಹೇಳುತ್ತಿದ್ದ ಒಂದು ಕ್ರಿಯಾಪದವು ಭಾರತದಲ್ಲಿ ಯೋಗ್ಯತೆಯನ್ನು ಹೇಳಿ, ಶ್ರಮಣಪರಂಪರೆಯಲ್ಲಿ ಯೋಗ್ಯತೆಯ ಪರಾಕಾಷ್ಠೆಗೆ ಹೆಸರಾಯಿತು. ಆ ಹೆಸರಿನ ವ್ಯುತ್ಪತ್ತಿಯಲ್ಲಿ ಹನನಕ್ಕೆ ಸ್ಥಳವಿಲ್ಲ. ‘ಹನ್’ ಧಾತುವಿನಿಂದ ಹುಟ್ಟಿದ ‘ಘಾತಿ’ ಎಂಬ ಶಬ್ದವು ಸಿದ್ಧಾಂತದಲ್ಲಿ ಕರ್ಮಗಳಿಗೆ ಸಲ್ಲುತ್ತದೆ. ಅವು ಕ್ಷಯವಾದ ಬಳಿಕ ಆತ್ಮನಿಗೆ ಉಳಿಯುವ ಹೆಸರು ‘ಅರ್ಹತ್’.